ನಾಲ್ಕು ದಿನ, ಒಂದೇ ದ್ವೀಪ: ಬ್ಯಾಕ್‌ಪ್ಯಾಕ್ ಇಳಿಸಿ ಕಡಲಿಗೆ ಇಳಿಯುವ ಮೊದಲು

ಬೆನ್ನಿಗೆ ಚೀಲ ಹಾಕಿಕೊಂಡು ವಾರಗಟ್ಟಲೆ ಆಗ್ನೇಯ ಏಷ್ಯಾ ಸುತ್ತುವವರಿಗೆ ಒಂದು ದಿನ ಬಂದೇ ಬರುತ್ತದೆ. ಇನ್ನೊಂದು ದೇವಸ್ಥಾನ ಬೇಡ, ಇನ್ನೊಂದು ರಾತ್ರಿ ಬಸ್ಸು ಬೇಡ, ಮ್ಯೂಸಿಯಂ ಅಂತೂ ಬೇಡವೇ ಬೇಡ ಅನ್ನಿಸುವ ದಿನ. ಎಲ್ಲಾದರೂ ಮರಳಿನ ಮೇಲೆ ಕಾಲು ಚಾಚಿ ಬಿದ್ದುಕೊಂಡರೆ ಸಾಕು ಅನ್ನಿಸುತ್ತದೆ. ಆಗ ಫೋನ್ ತೆಗೆದು ಹತ್ತಿರದ ದ್ವೀಪ ಯಾವುದು ಅಂತ ಹುಡುಕಲು ಶುರು ಮಾಡುತ್ತೇವೆ. ಎಡವಟ್ಟು ಶುರುವಾಗುವುದೂ ಅಲ್ಲೇ.

ನಾನು ಮೊದಲ ಸಲ ಹೀಗೆ ಹೋದಾಗ ಕೊನೆಯ ದಿನ ಒಂದು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿತ್ತು. ಆ ದಿನ ಬೆಳಿಗ್ಗೆ ಟಿಕೆಟ್ ಹಿಡಿದು ಜೆಟ್ಟಿಗೆ ಬಂದೆ. ಆಕಾಶ ನೀಲಿ, ಒಳ್ಳೆ ಬಿಸಿಲು, ಒಂದು ಹನಿ ಮಳೆ ಇಲ್ಲ. ಗಾಳಿ ಮಾತ್ರ ಜೋರಾಗಿತ್ತು. ಕೌಂಟರಿನ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು, ಇವತ್ತು ದೋಣಿ ಇಲ್ಲ. ನನ್ನ ವಿಮಾನ ಅದೇ ಸಂಜೆ ಇತ್ತು. ಅದು ನನ್ನನ್ನು ಬಿಟ್ಟು ಹೋಯಿತು.

ಆವತ್ತಿನಿಂದ ನಾನು ದ್ವೀಪದ ಪ್ರವಾಸವನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತೇನೆ. ಮುಂದಿನ ವಿಮಾನ ಅಥವಾ ರೈಲು ಯಾವತ್ತು? ಅದರ ಹಿಂದಿನ ರಾತ್ರಿ ದಡದ ಊರಿನಲ್ಲಿ ಇರಲೇಬೇಕು. ಅಂದರೆ ಹಿಂದಿನ ದಿನವೇ ದೋಣಿ ಹತ್ತಬೇಕು. ಇದಿಷ್ಟು ಮೊದಲು ಬರೆದಿಟ್ಟುಕೊಂಡು ಆಮೇಲೆ ಉಳಿದದ್ದು. ಗಾಳಿಯ ಕಾಲದಲ್ಲಿ ಹೋಗುವುದಾದರೆ ಒಂದು ರಾತ್ರಿ ಸಾಲದು, ಎರಡು ಇಟ್ಟುಕೊಳ್ಳಿ.

ಮೊದಲು ತಿಂಗಳು ನೋಡಿ

ದ್ವೀಪದ ಫೋಟೋ ನೋಡಿ ದ್ವೀಪ ಆರಿಸಬೇಡಿ. ಫೋಟೋ ತೆಗೆದವರು ಒಳ್ಳೆ ತಿಂಗಳಲ್ಲಿ ಹೋಗಿರುತ್ತಾರೆ.

ಥಾಯ್ಲೆಂಡನ್ನೇ ತೆಗೆದುಕೊಳ್ಳಿ. ದೇಶ ಒಂದೇ, ಕಡಲು ಎರಡು. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ, ಪೂರ್ವಕ್ಕೆ ಥಾಯ್ಲೆಂಡ್ ಕೊಲ್ಲಿ. ಫುಕೆಟ್, ಕ್ರಾಬಿ, ಕೋ ಲಾಂತಾ, ಕೋ ಲಿಪೆ ಇರುವ ಪಶ್ಚಿಮದ ಕಡೆ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾರುತ ಬಡಿಯುತ್ತದೆ. ಅಲ್ಲಿನ ಸಿಮಿಲನ್ ದ್ವೀಪಗಳ ರಾಷ್ಟ್ರೀಯ ಉದ್ಯಾನಕ್ಕೆ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಾಗಿಲೇ ಹಾಕಿಬಿಡುತ್ತಾರೆ. ಅದೇ ಹೊತ್ತಿಗೆ ಕೊಲ್ಲಿಯ ಕಡೆಯ ಕೋ ಸಮುಯಿ, ಕೋ ಪಂಗನ್, ಕೋ ತಾವೊ ಸುಮಾರಾಗಿ ಒಣಗಿರುತ್ತವೆ. ಅವುಗಳ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಹಾಗಾಗಿ ಜುಲೈಯಲ್ಲಿ ಥಾಯ್ಲೆಂಡಿನಲ್ಲಿದ್ದರೆ ಪೂರ್ವಕ್ಕೆ ಹೋಗಿ, ಜನವರಿಯಲ್ಲಾದರೆ ಪಶ್ಚಿಮಕ್ಕೆ. ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮಲೇಷ್ಯಾದ ಪೂರ್ವ ಕರಾವಳಿಯ ಪೆರ್ಹೆಂಟಿಯನ್, ತಿಯೋಮನ್ ದ್ವೀಪಗಳು ಈಶಾನ್ಯ ಮಾರುತಕ್ಕೆ ಎದೆಯೊಡ್ಡಿ ನಿಂತಿವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಹೆಚ್ಚಿನ ವಸತಿಗಳಿಗೆ ಬೀಗ, ದೋಣಿಗಳೂ ಕಡಿಮೆ. ಇಂಡೊನೇಷ್ಯಾದ ಬಾಲಿ ಮತ್ತು ಲೊಂಬೊಕ್ ನಡುವಿನ ಕಡಲು, ಅಲ್ಲಿನ ಗಿಲಿ ದ್ವೀಪಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಚೆನ್ನ. ಕಾಂಬೋಡಿಯಾದ ಕೋ ರೊಂಗ್ ಇದಕ್ಕೆ ತದ್ವಿರುದ್ಧ, ನವೆಂಬರ್‌ನಿಂದ ಏಪ್ರಿಲ್. ಫಿಲಿಪೈನ್ಸ್‌ನಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಟೈಫೂನ್ ಅನ್ನುವ ಚಂಡಮಾರುತದ ಮೇಲೆ ಒಂದು ಕಣ್ಣಿರಲಿ.

ಹಬ್ಬಗಳನ್ನೂ ನೋಡಿ. ಬಾಲಿಯಲ್ಲಿ ಮಾರ್ಚ್ ಆಸುಪಾಸಿನಲ್ಲಿ ಬರುವ ನ್ಯೆಪಿ ಎಂಬ ಮೌನದ ದಿನ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ದೋಣಿಗಳ ಬಂದರು ಕೂಡ ಮುಚ್ಚಿರುತ್ತದೆ. ಬೀದಿಗೆ ಕಾಲಿಡುವ ಹಾಗೂ ಇಲ್ಲ. ಇನ್ನು ಕೋ ಪಂಗನ್‌ನಲ್ಲಿ ಪ್ರತಿ ಹುಣ್ಣಿಮೆಗೂ ಹಾಡ್ ರಿನ್ ಕಡಲತೀರದಲ್ಲಿ ಸಾವಿರಾರು ಜನರ ಕುಣಿತ. ಅದಕ್ಕಾಗಿಯೇ ಹೋಗುವವರು ಹೋಗಲಿ. ಗಲಾಟೆ ಬೇಡ ಅನ್ನುವವರು ಹುಣ್ಣಿಮೆಯ ಹಿಂದೆ ಮುಂದೆ ಮೂರು ದಿನ ಆ ಕಡೆ ತಲೆ ಹಾಕಬೇಡಿ. ಪಕ್ಕದ ದ್ವೀಪಗಳ ದೋಣಿ, ಹಾಸ್ಟೆಲ್ ಎಲ್ಲವೂ ಆ ದಿನಗಳಲ್ಲಿ ತುಂಬಿ ತುಳುಕುತ್ತವೆ.

ಒಂದೇ ದ್ವೀಪ ಸಾಕು

ನಾಲ್ಕು ದಿನದಲ್ಲಿ ಮೂರು ದ್ವೀಪ ಅಂತ ಪಟ್ಟಿ ಮಾಡಿಕೊಂಡು ಬರುವವರನ್ನು ಎಷ್ಟೋ ಸಲ ಜೆಟ್ಟಿಯಲ್ಲಿ ನೋಡಿದ್ದೇನೆ. ಪಾಪ, ಅವರಿಗೆ ಕಡಲಿಗಿಂತ ಕೌಂಟರ್‌ಗಳೇ ಜಾಸ್ತಿ ಕಂಡಿರುತ್ತವೆ. ಹೋಗುವ ದಿನ ಅರ್ಧ, ಬರುವ ದಿನ ಅರ್ಧ ದೋಣಿಗೆ ಹೋಗುತ್ತದೆ. ನಡುವೆ ಇನ್ನೊಂದು ದ್ವೀಪ ತುರುಕಿದರೆ ಇನ್ನೊಂದು ದಿನ ಹೋಯಿತು. ಒಂದು ದ್ವೀಪ, ಆ ದ್ವೀಪದಲ್ಲೂ ಒಂದೇ ತೀರ. ಬಂದಿರುವುದೇ ನಿಲ್ಲುವುದಕ್ಕೆ ಅಲ್ವಾ?

ಯಾವುದು ಅಂತ ತೀರ್ಮಾನಿಸಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ನೀರೊಳಗೆ ಇರಬೇಕಾ, ನೀರ ಪಕ್ಕ ಇರಬೇಕಾ?

ನೀರೊಳಗೆ ಅನ್ನುವವರಿಗೆ ಕೋ ತಾವೊ. ಸುಮಾರು 21 ಚದರ ಕಿಲೋಮೀಟರಿನ ಪುಟ್ಟ ದ್ವೀಪ. ಥಾಯ್ ಭಾಷೆಯಲ್ಲಿ ಕೋ ಅಂದರೆ ದ್ವೀಪ, ತಾವೊ ಅಂದರೆ ಆಮೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಡಿಗೆ ಇಳಿಯುವ ಸ್ಕೂಬಾ ಕಲಿಯಲು ಜಗತ್ತಿನ ಮೂಲೆಮೂಲೆಯಿಂದ ಇಲ್ಲಿಗೆ ಬರುತ್ತಾರೆ. 18 ಮೀಟರ್ ಆಳದವರೆಗೆ ಇಳಿಯಲು ಪರವಾನಗಿ ಕೊಡುವ ಓಪನ್ ವಾಟರ್ ಕೋರ್ಸಿಗೆ ಮೂರರಿಂದ ನಾಲ್ಕು ದಿನ ಬೇಕು. ಅಂದರೆ ನಿಮ್ಮ ರಜೆ ಪೂರ್ತಿ ಪಾಠ. ತಪ್ಪೇನಿಲ್ಲ, ಆದರೆ ಆಮೇಲೆ ಸುಸ್ತಾಯಿತು ಅನ್ನಬೇಡಿ. ಬ್ಯಾಂಕಾಕಿನಿಂದ ರಾತ್ರಿ ರೈಲು ಹತ್ತಿದರೆ ಸುಮಾರು 8 ಗಂಟೆಯಲ್ಲಿ ಚುಂಫೊನ್. ಅಲ್ಲಿಂದ ಬೆಳಗಿನ ದೋಣಿ. ರೈಲಿನಲ್ಲಿ ಮಲಗಿದ್ದರಿಂದ ಒಂದು ರಾತ್ರಿಯ ರೂಮಿನ ಬಾಡಿಗೆಯೂ ಉಳಿಯಿತು. ದೂರದ ರೈಲುಗಳಲ್ಲಿ ಹೆಚ್ಚಿನವು 2023ರಿಂದ ಕ್ರುಂಗ್ ತೆಪ್ ಅಪಿವತ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ. ಹಳೆಯ ಹುವಾ ಲಂಫೊಂಗ್‌ಗೆ ಹೋಗಿ ನಿಂತು ಬೆವರಬೇಡಿ.

ನೀರ ಪಕ್ಕ ಅನ್ನುವವರಿಗೆ ಗಿಲಿ ದ್ವೀಪಗಳು. ಮೂರೂ ಅಕ್ಕಪಕ್ಕ. ಗಿಲಿ ತ್ರವಾಂಗನ್ ಗದ್ದಲದ್ದು, ಗಿಲಿ ಮೆನೊ ಮೌನದ್ದು, ಗಿಲಿ ಆಯಿರ್ ಎರಡರ ನಡುವಿನದು. ಮೂರರಲ್ಲೂ ಬೈಕಿಲ್ಲ, ಕಾರಿಲ್ಲ. ನಡಿಗೆ, ಸೈಕಲ್, ಕುದುರೆಗಾಡಿ. ಗಿಲಿ ಅಂದರೆ ಅಲ್ಲಿನ ಸಾಸಕ್ ಭಾಷೆಯಲ್ಲಿ ಸಣ್ಣ ದ್ವೀಪ ಅಂತಲೇ ಅರ್ಥ. ನಾವು ಗಿಲಿ ದ್ವೀಪ ಅಂದಾಗ ಅಲ್ಲಿನವರಿಗೆ ದ್ವೀಪದ್ವೀಪ ಅಂತ ಕೇಳಿಸುತ್ತದೇನೋ. ಬಾಲಿಯ ಪಡಾಂಗ್ ಬಾಯ್‌ನಿಂದ ವೇಗದ ದೋಣಿಗಳಿವೆ. ಲೊಂಬೊಕ್‌ನ ಬಾಂಗ್ಸಲ್ ಬಂದರಿನಿಂದ ಊರವರ ಜೊತೆ ಕೂತು ಹೋಗುವ ದೋಣಿ ಕಡಿಮೆ ದರದ್ದು, ಕಡಲ ದಾರಿಯೂ ಕಡಿಮೆ.

ಎರಡೂ ಬೇಕು, ಮೀನೂ ನೋಡಬೇಕು ಸುಮ್ನೆ ಬಿದ್ದುಕೊಳ್ಳಲೂಬೇಕು ಅನ್ನುವವರಿಗೆ ಪೆರ್ಹೆಂಟಿಯನ್. ಅಲ್ಲಿ ಉಳಿಯಲು ಎರಡು ದ್ವೀಪ, ಬೆಸಾರ್ ಅಂದರೆ ದೊಡ್ಡದು, ಕೆಚಿಲ್ ಅಂದರೆ ಚಿಕ್ಕದು. ಬ್ಯಾಕ್‌ಪ್ಯಾಕಿನವರು ಹೆಚ್ಚಾಗಿ ಚಿಕ್ಕದರಲ್ಲೇ ಇಳಿಯುತ್ತಾರೆ. ಕ್ವಾಲಾ ಬೆಸುತ್ ಜೆಟ್ಟಿಯಿಂದ ಸ್ಪೀಡ್ ಬೋಟಿನಲ್ಲಿ ಮುಕ್ಕಾಲು ಗಂಟೆ. ಒಂದು ತೀರದಿಂದ ಇನ್ನೊಂದಕ್ಕೆ ಕಾಡಿನ ಕಾಲುದಾರಿ, ಇಲ್ಲವೇ ನೀರ ಟ್ಯಾಕ್ಸಿ.

ತುಂಬಾ ಹೆಸರುವಾಸಿ ಜಾಗಗಳಿಗೆ ಹೋಗುವ ಮೊದಲು ಈಗಿನ ನಿಯಮ ನೋಡಿಕೊಳ್ಳಿ. ಜನ ಜಾಸ್ತಿಯಾಗಿ ಕೊಳಚೆಯೂ ಜಾಸ್ತಿಯಾಗಿ 2018ರಲ್ಲಿ ಫಿಲಿಪೈನ್ಸ್ ಸರ್ಕಾರ ಬೊರಾಕೇ ದ್ವೀಪವನ್ನೇ ಆರು ತಿಂಗಳು ಮುಚ್ಚಿತ್ತು. ಥಾಯ್ಲೆಂಡಿನ ಮಾಯಾ ಬೇ ಎಂಬ ಕಡಲತೀರ ಅದೇ ವರ್ಷ ಜೂನ್‌ನಲ್ಲಿ ಮುಚ್ಚಿದ್ದು ಮತ್ತೆ ತೆರೆದದ್ದು 2022ರ ಜನವರಿಯಲ್ಲಿ, ಅದೂ ಈಜಬಾರದು ಅನ್ನುವ ಷರತ್ತಿನ ಮೇಲೆ.

ಚೀಲವನ್ನು ಎರಡು ಮಾಡಿ

15 ಕಿಲೋದ ಚೀಲ ಹೊತ್ತುಕೊಂಡು ಮೊಣಕಾಲು ನೀರಿನಲ್ಲಿ ದೋಣಿಯಿಂದ ಇಳಿದವರಿಗೆ ಈ ಮಾತು ಹೇಳಬೇಕಾಗಿಲ್ಲ. ಸಣ್ಣ ದ್ವೀಪಗಳ ಎಷ್ಟೋ ತೀರಗಳಲ್ಲಿ ಜೆಟ್ಟಿ ಇರುವುದಿಲ್ಲ. ದೋಣಿ ಮರಳಿನ ಹತ್ತಿರ ಬಂದು ನಿಲ್ಲುತ್ತದೆ, ನೀವು ಚಪ್ಪಲಿ ಕೈಯಲ್ಲಿ ಹಿಡಿದು ಹಾರಬೇಕು. ಹಾಗಾಗಿ ದೊಡ್ಡ ಚೀಲ ದಡದಲ್ಲೇ ಇರಲಿ. ವಾಪಸ್ ಬಂದಾಗ ಉಳಿಯುವ ಗೆಸ್ಟ್‌ಹೌಸನ್ನು ಈಗಲೇ ಬುಕ್ ಮಾಡಿದರೆ ಸಾಮಾನ್ಯವಾಗಿ ಚೀಲವನ್ನೂ ಇಟ್ಟುಕೊಳ್ಳುತ್ತಾರೆ. ಕೊನೆಯ ರಾತ್ರಿ ದಡದಲ್ಲಿರಬೇಕು ಅಂದೆನಲ್ಲ, ಅದರ ಎರಡನೇ ಉಪಯೋಗ ಇದು.

ದ್ವೀಪಕ್ಕೆ 20 ಲೀಟರಿನ ಚೀಲ ಸಾಕು. ಎರಡು ಚಡ್ಡಿ, ಮೂರು ಟೀ ಶರ್ಟ್, ಈಜಲು ಉದ್ದ ತೋಳಿನದೊಂದು, ಬೇಗ ಒಣಗುವ ಟವೆಲ್, ತೆಳು ಲುಂಗಿ ಅಥವಾ ಸರೋಂಗ್. ಈ ಲುಂಗಿಯನ್ನು ಮರೆಯಲೇಬೇಡಿ. ಹಾಸಿಗೆಗೆ ಹೊದಿಕೆ, ಮರಳಿಗೆ ಹಾಸು, ಬಟ್ಟೆ ಬದಲಿಸಲು ಮರೆ, ಬಿಸಿಲಿಗೆ ಪರದೆ, ಎಲ್ಲಕ್ಕೂ ಅದೊಂದೇ. ತಲೆಗೆ ಕಟ್ಟುವ ಟಾರ್ಚ್, ನೀರು ಒಳಗೆ ಹೋಗದ 10 ಲೀಟರಿನ ಡ್ರೈ ಬ್ಯಾಗ್ ಇರಲಿ. ಡ್ರೈ ಬ್ಯಾಗಿನ ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚಿ ಆಮೇಲೆ ಬಕಲ್ ಹಾಕಿ. ಒಂದೇ ಸುತ್ತು ಮಡಚಿದರೆ ಅದು ಬರೀ ಪ್ಲಾಸ್ಟಿಕ್ ಚೀಲ. ಔಷಧಿಯ ಪೊಟ್ಟಣದಲ್ಲಿ ಬ್ಯಾಂಡೇಜು, ಆಂಟಿಸೆಪ್ಟಿಕ್, ಓಆರ್‌ಎಸ್, ವಾಂತಿಯ ಮಾತ್ರೆ, ಒಂದು ಚಿಮಟ.

ದಡದಲ್ಲೇ ನಗದು ತೆಗೆದುಕೊಳ್ಳಿ, ನಾಲ್ಕು ದಿನಕ್ಕೆ ಬೇಕಾದಷ್ಟು, ಮೇಲೆ ಎರಡು ದಿನದ್ದು. ಪುಟ್ಟ ದ್ವೀಪದಲ್ಲಿ ಎಟಿಎಂ ಇಲ್ಲದೆ ಇರಬಹುದು, ಇದ್ದರೂ ಕೆಟ್ಟಿರಬಹುದು ಅಥವಾ ಖಾಲಿಯಾಗಿರಬಹುದು. ದೋಣಿ ನಿಂತ ದಿನ ಎಲ್ಲರೂ ಒಟ್ಟಿಗೆ ಅದೇ ಯಂತ್ರದ ಮುಂದೆ ನಿಲ್ಲುತ್ತಾರೆ.

ಸನ್‌ಸ್ಕ್ರೀನ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವುದನ್ನು ಹವಳಕ್ಕೆ ಹಾನಿ ಅಂತ ಥಾಯ್ಲೆಂಡ್ 2021ರಿಂದ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧಿಸಿದೆ. ಜಿಂಕ್ ಆಕ್ಸೈಡ್ ಇರುವುದನ್ನು ತೆಗೆದುಕೊಳ್ಳಿ. ಮುಖ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಪರವಾಗಿಲ್ಲ, ಅಲ್ಲಿ ಎಲ್ಲರೂ ಹಾಗೇ ಕಾಣುತ್ತಾರೆ.

ದೋಣಿಯಲ್ಲಿ

ಬೆಳಗಿನ ದೋಣಿ ಹಿಡಿಯಿರಿ. ಹೊತ್ತೇರಿದಂತೆ ನೆಲ ಕಾಯುತ್ತದೆ, ನೀರು ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಗಾಳಿ ಮೇಲೇರಿದಾಗ ಕಡಲಿನಿಂದ ಗಾಳಿ ನುಗ್ಗಿ ಬರುತ್ತದೆ. ಹಾಗಾಗಿ ಮಧ್ಯಾಹ್ನದ ಅಲೆ ಬೆಳಗಿನದಕ್ಕಿಂತ ಒರಟು. ಜೊತೆಗೆ, ಬೆಳಗಿನ ದೋಣಿ ರದ್ದಾದರೆ ಮಧ್ಯಾಹ್ನದ್ದಾದರೂ ಸಿಗಬಹುದು. ಕೊನೆಯ ದೋಣಿ ರದ್ದಾದರೆ ಮುಗಿಯಿತು.

ಹೊಟ್ಟೆ ತೊಳಸುವವರು ಹತ್ತುವ ಒಂದು ಗಂಟೆ ಮೊದಲೇ ಮಾತ್ರೆ ನುಂಗಬೇಕು. ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ದೋಣಿಯ ಮುಂಭಾಗ ಬೇಡ, ಅಲ್ಲಿ ಕುಲುಕಾಟ ಜಾಸ್ತಿ. ಮಧ್ಯ ಅಥವಾ ಹಿಂಭಾಗದಲ್ಲಿ, ಗಾಳಿ ಬರುವ ಕಡೆ ಕೂರಿ. ಫೋನ್ ಒಳಗಿಟ್ಟು ಆಕಾಶ ಮತ್ತು ನೀರು ಸೇರುವ ಗೆರೆ ನೋಡುತ್ತಿರಿ. ಪಾಸ್‌ಪೋರ್ಟ್, ದುಡ್ಡು, ಫೋನ್ ಮೈಮೇಲೇ ಇರಲಿ, ರಾಶಿ ಹಾಕಿದ ಚೀಲಗಳ ನಡುವೆ ಬೇಡ.

ಲೈಫ್ ಜಾಕೆಟ್ ಎಲ್ಲಿದೆ ನೋಡಿಕೊಳ್ಳಿ. ಜನ ತುಂಬಿ ದೋಣಿ ನೀರಿನ ಮಟ್ಟಕ್ಕೆ ಬಂದಿದ್ದರೆ ಇಳಿದುಬಿಡಿ. ಟಿಕೆಟಿನ ದುಡ್ಡು ಹೋದರೆ ಹೋಗಲಿ. 2018ರ ಜುಲೈನಲ್ಲಿ ಫುಕೆಟ್ ಹತ್ತಿರ ಬಿರುಗಾಳಿಗೆ ಸಿಕ್ಕಿ ಪ್ರವಾಸಿ ದೋಣಿಯೊಂದು ಮುಳುಗಿ 47 ಜನ ಸತ್ತರು. ಹವಾಮಾನದ ಎಚ್ಚರಿಕೆ ಮೊದಲೇ ಇತ್ತು. ದೋಣಿ ನಿಲ್ಲಿಸಿದ್ದಾರೆ ಅಂತ ಕೌಂಟರಿನವರ ಮೇಲೆ ರೇಗುವಾಗ ಇದು ನೆನಪಿರಲಿ. ಆ ಹಲಗೆಯ ಮುಂದೆ ನಾನೂ ರೇಗಿದ್ದೆ.

ಇಳಿದ ದಿನ

ಪ್ರವಾಸಿಗರು ತುಂಬುವ ತಿಂಗಳಾದರೆ ಮೊದಲ ರಾತ್ರಿಗೆ ಮಾತ್ರ ರೂಮು ಬುಕ್ ಮಾಡಿರಿ. ಇಳಿದ ಮೇಲೆ ಚೀಲ ಇಟ್ಟು ತೀರದುದ್ದಕ್ಕೂ ನಡೆದರೆ ಇನ್ನೂ ಒಳ್ಳೆಯದು ಸಿಗಬಹುದು. ರೂಮು ನೋಡುವಾಗ ಫ್ಯಾನ್ ಹಾಕಿಸಿ, ನಲ್ಲಿ ತಿರುಗಿಸಿ, ಸೊಳ್ಳೆ ಪರದೆಯಲ್ಲಿ ತೂತಿದೆಯಾ ನೋಡಿ. ವಿದ್ಯುತ್ ಇಡೀ ದಿನ ಇರುತ್ತದಾ, ರಾತ್ರಿ ಜನರೇಟರ್ ಮಾತ್ರವಾ ಕೇಳಿ. ಜನರೇಟರ್ ಆದರೆ ಅದರ ಪಕ್ಕದ ರೂಮು ಬೇಡ.

ಸ್ನಾನದ ನೀರು ಸ್ವಲ್ಪ ಉಪ್ಪು ಅನ್ನಿಸಿದರೆ ಗಾಬರಿಯಾಗಬೇಡಿ. ಪುಟ್ಟ ದ್ವೀಪಗಳಲ್ಲಿ ಮಳೆಯ ಸಿಹಿನೀರು ನೆಲದಡಿಯ ಉಪ್ಪುನೀರಿನ ಮೇಲೆ ತೆಳು ಪದರದಂತೆ ತೇಲುತ್ತಿರುತ್ತದೆ. ಜಾಸ್ತಿ ಎತ್ತಿದಷ್ಟೂ ಕೆಳಗಿನ ಉಪ್ಪು ಮೇಲೆ ಬರುತ್ತದೆ. ನಾವು ಷವರ್ ಕೆಳಗೆ ಹಾಡು ಹೇಳುತ್ತಾ ನಿಂತರೆ ಅಲ್ಲಿನವರ ಬಾವಿಗೆ ಉಪ್ಪು ಇಳಿಯುತ್ತದೆ. ಬೇಗ ಮುಗಿಸಿ. ಕುಡಿಯಲು ಮಾತ್ರ ಶುದ್ಧೀಕರಿಸಿದ ನೀರು. ದೊಡ್ಡ ಕ್ಯಾನಿನಿಂದ ಬಾಟಲಿ ತುಂಬಿಸಿಕೊಡುವ ಕಡೆಗಳಿವೆ, ವಿಚಾರಿಸಿ.

ತೂಗುಮಂಚ ಕಟ್ಟುವ ಆಸೆ ಎಲ್ಲರಿಗೂ. ಕಟ್ಟಿ, ಆದರೆ ಮೊದಲು ತಲೆ ಎತ್ತಿ ನೋಡಿ. ಮೇಲೆ ಕಾಯಿ ಇರುವ ತೆಂಗಿನ ಮರದಡಿ ಮಲಗುವುದು ಬೇಡ.

ಇಳಿದ ಸಂಜೆಯೇ ನೀರು ಇಳಿದಾಗ ತೀರ ಹೇಗಿರುತ್ತದೆ ಅಂತ ನೋಡಿಡಿ. ಬಹುತೇಕ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಥಾಯ್ಲೆಂಡ್ ಕೊಲ್ಲಿಯ ಕೆಲವೆಡೆ ದಿನಕ್ಕೆ ಒಂದೇ. ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಹೆಚ್ಚು. ಉಬ್ಬರದಲ್ಲಿ ಈಜುಕೊಳದಂತೆ ಕಂಡದ್ದು ಇಳಿತದಲ್ಲಿ ನೂರು ಮೀಟರ್ ಬರೀ ಕಲ್ಲು ಕೆಸರು ಆಗಿರಬಹುದು. ಇಳಿದಾಗ ಕಲ್ಲು, ಹವಳ ಎಲ್ಲೆಲ್ಲಿವೆ ಅಂತ ಕಣ್ಣಾರೆ ಕಂಡಿದ್ದರೆ ಮಾರನೆಯ ದಿನ ಪಾದ ಉಳಿಯುತ್ತದೆ.

ನೀರಿಗೆ

ಮೊದಲು ಹತ್ತು ನಿಮಿಷ ದಡದಲ್ಲಿ ನಿಂತು ಅಲೆ ನೋಡಿ. ಎಲ್ಲ ಕಡೆ ಬಿಳಿ ನೊರೆ ಒಡೆಯುತ್ತಿದೆ, ನಡುವೆ ಒಂದು ಕಡೆ ಮಾತ್ರ ನೀರು ಸಮತಟ್ಟಾಗಿ, ಸ್ವಲ್ಪ ಕಪ್ಪಾಗಿ, ಶಾಂತವಾಗಿ ಕಾಣುತ್ತಿದೆ. ಹೊಸಬರು ಅಲ್ಲೇ ಇಳಿಯುತ್ತಾರೆ. ಅದೇ ಸೆಳವು. ದಡಕ್ಕೆ ಬಂದ ನೀರೆಲ್ಲ ಅಲ್ಲಿಂದ ವಾಪಸ್ ಕಡಲಿಗೆ ಹೋಗುತ್ತಿರುತ್ತದೆ. ಅದರಲ್ಲಿ ಸಿಕ್ಕಿಬಿದ್ದರೆ ದಡದ ಕಡೆ ಈಜಬೇಡಿ. ಎಂಥ ಈಜುಗಾರನನ್ನೂ ಅದು ಸುಸ್ತು ಮಾಡುತ್ತದೆ. ತೇಲುತ್ತಾ ಇರಿ, ಕೈ ಎತ್ತಿ ಕರೆಯಿರಿ. ಆಮೇಲೆ ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ, ನೊರೆ ಒಡೆಯುವ ಕಡೆ ಬಂದ ಮೇಲೆ ಅಲೆಯ ಜೊತೆ ದಡಕ್ಕೆ. ಸೆಳವು ನೀರಿನಡಿಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ ಅಷ್ಟೇ. ಕೆಂಪು ಬಾವುಟ ಇದ್ದರೆ ನೀರಿಗೇ ಇಳಿಯುವಂತಿಲ್ಲ.

ನೀರಿನಲ್ಲಿ ಮುಖವಿಟ್ಟು ಕೊಳವೆಯಿಂದ ಉಸಿರಾಡುತ್ತಾ ತೇಲುವುದಕ್ಕೆ ಸ್ನಾರ್ಕೆಲ್ ಅನ್ನುತ್ತಾರೆ. ಬಾಡಿಗೆಗೆ ಅದರ ಮಾಸ್ಕ್ ತೆಗೆದುಕೊಳ್ಳುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟಾಗ ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮದು. ಬಿದ್ದರೆ ಇನ್ನೊಂದು. ಮೀಸೆ ಇದ್ದವರಿಗೆ ಸ್ವಲ್ಪ ನೀರು ಸೋರುವುದು ತಪ್ಪಿದ್ದಲ್ಲ. ಗಾಜಿನ ಒಳಗೆ ಉಗುಳಿ, ಬೆರಳಿನಿಂದ ಸವರಿ, ಒಂದು ಸಲ ಕಡಲ ನೀರಿನಲ್ಲಿ ಅದ್ದಿ ತೆಗೆಯಿರಿ. ಮಂಜು ಕಟ್ಟುವುದಿಲ್ಲ. ಅಸಹ್ಯ ಅನ್ನಿಸಬಹುದು, ಡೈವಿಂಗ್ ಕಲಿಸುವವರೂ ಮಾಡುವುದು ಇದನ್ನೇ.

ಈಗ ಮುಖ ನೀರಿಗಿಟ್ಟು ಸುಮ್ಮನೆ ತೇಲಿ. ಕೈಕಾಲು ಬಡಿಯಬೇಡಿ. ಒಂದು ನಿಮಿಷದಲ್ಲಿ ನಿಮ್ಮ ಉಸಿರಿನ ಸದ್ದು ಬಿಟ್ಟು ಬೇರೊಂದು ಸದ್ದು ಕೇಳಲು ಶುರುವಾಗುತ್ತದೆ. ಕಟಕಟ, ಯಾರೋ ಕಲ್ಲುಸಕ್ಕರೆ ಕಡಿಯುತ್ತಿರುವ ಹಾಗೆ. ಹಸಿರು, ನೀಲಿ, ಗುಲಾಬಿ ಮೈಯ ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳವನ್ನು ಕೆರೆದು ತಿನ್ನುತ್ತಿರುತ್ತದೆ. ಅದಕ್ಕೆ ಬೇಕಿರುವುದು ಮೇಲಿನ ಪಾಚಿ, ಜೊತೆಗೆ ಕಲ್ಲೂ ಹೋಗುತ್ತದೆ. ಸ್ವಲ್ಪ ಹೊತ್ತು ಅದರ ಹಿಂದೆಯೇ ಇರಿ. ಬಾಲದ ಕಡೆಯಿಂದ ಬಿಳಿ ಪುಡಿಯ ಮೋಡವೊಂದು ಹೊರಟು ನಿಧಾನವಾಗಿ ಕೆಳಗೆ ಕೂರುತ್ತದೆ. ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಇದೇ. ನೀವು ಬೆಳಿಗ್ಗೆಯಿಂದ ಹೊರಳಾಡಿದ್ದು ಮೀನಿನ ಹಿಕ್ಕೆಯ ಮೇಲೆ.

ಹವಳದ ಮೇಲೆ ನಿಲ್ಲಬೇಡಿ. ಅದು ಕಲ್ಲಲ್ಲ, ಪುಟ್ಟ ಪುಟ್ಟ ಜೀವಿಗಳ ಗೂಡು. ಗುಂಡು ಹವಳ ವರ್ಷಕ್ಕೆ ಬೆಳೆಯುವುದೇ ಒಂದು ಸೆಂಟಿಮೀಟರ್ ಆಸುಪಾಸು. ಅದರಿಂದ ಗೀರಿದ ಗಾಯವೂ ಸುಲಭಕ್ಕೆ ಮಾಗುವುದಿಲ್ಲ. ಸಣ್ಣ ಗೀರು ಅಂತ ಬಿಟ್ಟರೆ ಮೂರನೇ ದಿನ ಕೀವು. ಕೂಡಲೇ ಶುದ್ಧ ನೀರು, ಸೋಪಿನಿಂದ ಉಜ್ಜಿ ತೊಳೆದು ಔಷಧಿ ಹಚ್ಚಿ.

ಕೋ ತಾವೊ ಸುತ್ತಮುತ್ತ ಟ್ರಿಗರ್ ಮೀನು ಅಂತ ಒಂದಿದೆ, ಟೈಟನ್ ಟ್ರಿಗರ್. ಮೊಟ್ಟೆ ಇಟ್ಟ ಕಾಲದಲ್ಲಿ ಯಾರು ಬಂದರೂ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಗೂಡಿನಿಂದ ಮೇಲಕ್ಕೆ ಆಲಿಕೆಯಂತೆ ಅಗಲವಾಗುತ್ತಾ ಹೋಗುವ ಜಾಗವೆಲ್ಲ ತನ್ನದು ಅಂತ ಅದರ ಲೆಕ್ಕ. ಹೆದರಿ ಮೇಲಕ್ಕೆ ಹೋದರೆ ಅದರ ಜಾಗದಲ್ಲೇ ಇರುತ್ತೀರಿ. ಅಡ್ಡಕ್ಕೆ ಈಜಿ ಪಾರಾಗಿ.

ಬಾಕ್ಸ್ ಜೆಲ್ಲಿಫಿಶ್ ಎಂಬ ವಿಷದ ಲೋಳೆಮೀನು ಮಾತ್ರ ತಮಾಷೆಯ ವಿಷಯವಲ್ಲ. ಥಾಯ್ಲೆಂಡಿನ ಕೆಲವು ತೀರಗಳಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ತೂಗುಹಾಕಿರುವುದು ಇದಕ್ಕಾಗಿಯೇ. ಕುಟುಕಿದರೆ ನೀರಿನಿಂದ ಹೊರಗೆ ಬಂದು ವಿನೆಗರನ್ನು ಕನಿಷ್ಠ 30 ಸೆಕೆಂಡ್ ಸುರಿಯಿರಿ. ಉಜ್ಜಬಾರದು, ಮರಳು ಹಚ್ಚಬಾರದು, ಸಿಹಿನೀರು ಹಾಕಲೇಬಾರದು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ ವೈದ್ಯರು. ಉದ್ದ ತೋಳಿನ ಬಟ್ಟೆ ಹಾಕಿ ಈಜಿದರೆ ಅಪಾಯ ಎಷ್ಟೋ ಕಡಿಮೆ. ಕಲ್ಲುಮೀನು ಅಥವಾ ತೊರಕೆ ಮೀನಿನ ಮುಳ್ಳು ಚುಚ್ಚಿದರೆ ಬೇರೆ ಉಪಾಯ. ತಡೆಯುವಷ್ಟು ಬಿಸಿಯ ನೀರಿನಲ್ಲಿ, ಅಂದರೆ 45 ಡಿಗ್ರಿ ದಾಟದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಪಾದ ಇಟ್ಟು ಕೂರಬೇಕು, ಆಮೇಲೆ ಆಸ್ಪತ್ರೆ. ಆಳವಿಲ್ಲದ ಕಡೆ ಪಾದ ಎತ್ತಿ ಇಡದೆ ಮರಳಲ್ಲಿ ಎಳೆಯುತ್ತಾ ನಡೆದರೆ ತೊರಕೆ ಮೊದಲೇ ಜಾಗ ಖಾಲಿ ಮಾಡುತ್ತದೆ.

ಇವೆಲ್ಲಕ್ಕಿಂತ ಜಾಸ್ತಿ ಜನರ ರಜೆ ಹಾಳು ಮಾಡುವುದು ಬಿಸಿಲು. ನೀರಿನಲ್ಲಿ ಬೋರಲು ತೇಲುವಾಗ ತಂಪು, ಸುಡುವುದು ಗೊತ್ತೇ ಆಗುವುದಿಲ್ಲ. ಸಂಜೆ ಬೆನ್ನು, ಮೊಣಕಾಲಿನ ಹಿಂಭಾಗ ಕೆಂಡ. ಆಮೇಲೆ ಎರಡು ವಾರ ಅದೇ ಬೆನ್ನಿನ ಮೇಲೆ ಬ್ಯಾಕ್‌ಪ್ಯಾಕ್ ಹೊರಬೇಕು, ಯೋಚಿಸಿ. ಹತ್ತರಿಂದ ನಾಲ್ಕರವರೆಗೆ ನೆರಳು ಹುಡುಕಿ. ನೀರಿನಲ್ಲಿರುವಾಗ ಟೀ ಶರ್ಟ್ ಹಾಕಿಕೊಂಡೇ ಇರಿ.

ಬೈಕು, ಸಂಜೆ

ಬೈಕ್ ಬಾಡಿಗೆಗೆ ಸಿಗುವ ದ್ವೀಪವಾದರೆ ನನ್ನ ಸಲಹೆ, ಬೇಡ. ಗುಡ್ಡದ ದಾರಿ ಕಡಿದು, ತಿರುವುಗಳಲ್ಲಿ ಮರಳು. ಜೆಟ್ಟಿಯಲ್ಲಿ ಮೊಣಕೈಗೆ ಬಿಳಿ ಪಟ್ಟಿ ಸುತ್ತಿಕೊಂಡು ಕೂತ ಪ್ರವಾಸಿಗರು ದಿನಾ ಕಾಣುತ್ತಾರೆ. ತೆಗೆದುಕೊಳ್ಳಲೇಬೇಕಾದರೆ ಬೈಕಿನ ಪರವಾನಗಿ, ಅಂತರರಾಷ್ಟ್ರೀಯ ಪರವಾನಗಿ ಎರಡೂ ಇರಲಿ. ಇಲ್ಲದಿದ್ದರೆ ಬಿದ್ದಾಗ ವಿಮೆ ಕೈ ಎತ್ತುತ್ತದೆ. ಹಳೆಯ ಗೀರುಗಳನ್ನೆಲ್ಲ ಮೊದಲೇ ವೀಡಿಯೋ ಮಾಡಿಡಿ. ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ, ದುಡ್ಡು ಇಟ್ಟುಕೊಳ್ಳಿ ಅನ್ನಿ.

ಸಮಭಾಜಕದ ಹತ್ತಿರ ಸೂರ್ಯ ನೇರವಾಗಿ ಮುಳುಗುತ್ತಾನೆ. ಮುಸ್ಸಂಜೆ ಅನ್ನುವುದು ತುಂಬಾ ಗಿಡ್ಡ. ಪಕ್ಕದ ತೀರದಲ್ಲಿ ಸೂರ್ಯಾಸ್ತ ನೋಡಿ ಕಾಡಿನ ದಾರಿಯಲ್ಲಿ ವಾಪಸ್ ಬರುವಷ್ಟರಲ್ಲಿ ಗವ್ವನೆ ಕತ್ತಲು. ತಲೆಯ ಟಾರ್ಚ್ ಇದಕ್ಕೇ. ಅದೇ ಹೊತ್ತಿಗೆ ಮರಳಿನಿಂದ ಸ್ಯಾಂಡ್‌ಫ್ಲೈ ಎಂಬ ಕಚ್ಚುವ ನೊಣ ಏಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಕೆರೆತ ಮಾತ್ರ ಒಂದು ವಾರ. ಕಾಲಿಗೆ ಎಣ್ಣೆ ಹಚ್ಚಿಕೊಂಡು ಕುರ್ಚಿಯ ಮೇಲೆ ಕೂರಿ. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಸೊಳ್ಳೆಯ ಮುಲಾಮು ಬೆಳಿಗ್ಗೆಯೂ ಬೇಕು.

ಕುಡಿಯುವವರಿಗೆ ಒಂದು ಮಾತು. ಬಕೆಟ್ಟಿನಲ್ಲಿ ಕಲಸಿ ಕೊಡುವ, ಪುಕ್ಕಟೆ ಕೊಡುವ ಮದ್ಯ ಮುಟ್ಟಬೇಡಿ. 2024ರ ನವೆಂಬರ್‌ನಲ್ಲಿ ಲಾವೋಸಿನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಎಂಬ ವಿಷ ಬೆರೆತದ್ದು ಎನ್ನಲಾದ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಸತ್ತರು. ಕಣ್ಣೆದುರು ಮುಚ್ಚಳ ತೆಗೆದ ಬಿಯರ್ ಸಾಕು.

ಹೊರಡುವಾಗ

ಎರಡನೇ ದಿನ ಮಧ್ಯಾಹ್ನ ಜೆಟ್ಟಿಗೆ ಹೋಗಿ ನಾಡಿದ್ದಿನ ದೋಣಿ ಇದೆಯಾ ಕೇಳಿ. ಹೊರಡುವ ದಿನ ಬೆಳಿಗ್ಗೆ ಕೇಳಿದರೆ ತಡವಾಯಿತು. ಗಾಳಿ ಎದ್ದಿದೆ, ನಾಡಿದ್ದು ಅನುಮಾನ ಅಂತ ಅಲ್ಲಿನವರು ಅಂದರೆ ಫೋನಿನ ಹವಾಮಾನ ಏನೇ ಹೇಳಲಿ, ಅವರ ಮಾತು ಕೇಳಿ ಒಂದು ದಿನ ಮೊದಲೇ ಹೊರಡಿ.

ಸ್ಕೂಬಾ ಮಾಡಿದ್ದರೆ ವಿಮಾನಕ್ಕೆ ಮುಂಚೆ ಅಂತರ ಬೇಕು. ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ದರೆ 18 ಗಂಟೆ. ರಕ್ತದಲ್ಲಿ ಕರಗಿದ ಸಾರಜನಕ ಎತ್ತರಕ್ಕೆ ಹೋದಾಗ ಗುಳ್ಳೆಯಾಗಿ ಹೊರಬರಬಾರದು ಅಂತ. ದಡದ ಆ ಒಂದು ರಾತ್ರಿ ಇದಕ್ಕೂ ಸರಿಹೋಗುತ್ತದೆ.

ಚಿಪ್ಪು, ಹವಳದ ಚೂರು ಚೀಲಕ್ಕೆ ಹಾಕಿಕೊಳ್ಳಬೇಡಿ. ರಾಷ್ಟ್ರೀಯ ಉದ್ಯಾನಗಳಲ್ಲಿ ಅದು ಅಪರಾಧ, ವಿಮಾನ ನಿಲ್ದಾಣದಲ್ಲಿ ಬಿಚ್ಚಿ ತೋರಿಸುವಾಗ ಮಾನ ಹೋಗುತ್ತದೆ.

ದಡಕ್ಕೆ ಬಂದು ದೊಡ್ಡ ಚೀಲ ತೆಗೆದುಕೊಂಡ ಮೇಲೆ ಮೊದಲ ಕೆಲಸ, ಉಪ್ಪು ಹಿಡಿದ ಬಟ್ಟೆಗಳನ್ನೆಲ್ಲ ಸಿಹಿನೀರಿನಲ್ಲಿ ಹಿಂಡಿ ಫ್ಯಾನಿನ ಕೆಳಗೆ ಹರಡುವುದು. ಝಿಪ್ಪುಗಳನ್ನೂ ತೊಳೆಯಿರಿ, ಉಪ್ಪು ಕೂತರೆ ವಾರದಲ್ಲಿ ಜಾಮ್ ಆಗುತ್ತವೆ. ಸಣ್ಣ ಚೀಲವನ್ನು ತಲೆಕೆಳಗು ಮಾಡಿ ರೂಮಿನ ಹೊರಗೆ ಕೊಡವಿ. ಒಳಗೆ ಕೊಡವಿದರೆ ರಾತ್ರಿ ಹಾಸಿಗೆ ತುಂಬ ಗಿಳಿಮೀನಿನ ಮರಳು.